ಚಾರಿಟಿಗಳ ಮೇಲೆ ಕಣ್ಣಿಡೋಕೆ ಮೊದಲ ದುಡ್ಡು ಯಾರು ಕೊಡ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಒಂದು ಸಣ್ಣ ಕನ್ನಡ ಸಂಘಕ್ಕೆ ನಾನು ಕೆಲವು ವರ್ಷದಿಂದ ಖಜಾಂಚಿ. ಬೇರೆ ಯಾರೂ ಕೈ ಎತ್ತಲಿಲ್ಲ, ಅದಕ್ಕೆ. ರಾಜ್ಯೋತ್ಸವ ಮುಗಿದ ರಾತ್ರಿ ಊಟದ ಮೇಜಿನ ಮೇಲೆ ಟಿಕೆಟ್ ದುಡ್ಡು ಸುರಿದು ಎಣಿಸುವುದು ನನ್ನ ಕೆಲಸ. ಚಿಲ್ಲರೆಯನ್ನೆಲ್ಲ ಹಳೇ ಬಿಸ್ಕತ್ತಿನ ಡಬ್ಬಕ್ಕೆ ತುಂಬಿ, ಮುಚ್ಚಳದ ಮೇಲೆ ಮೊತ್ತ ಬರೆದು, ಇಬ್ಬರ ಸಹಿ ಹಾಕಿಸುತ್ತೇನೆ. ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಲ್ಲಿಂದ ಹತ್ತು ತಿಂಗಳೊಳಗೆ, ಅಂದರೆ ಜನವರಿ 31ರೊಳಗೆ, ಚಾರಿಟಿಗಳ, ಅಂದರೆ ದಾನಧರ್ಮದ ಸಂಸ್ಥೆಗಳ, ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ನಿಗೆ ವಾರ್ಷಿಕ ವರದಿ ಹೋಗಬೇಕು. ಹೋದ ಸಲ ಒಬ್ಬ ಸದಸ್ಯರು ಕೇಳಿದರು: "ನಮ್ಮ ಲೆಕ್ಕ ಇವರು ನೋಡ್ತಾರೆ, ಸರಿ. ಇವರ ಸಂಬಳ ಯಾರು ಕೊಡ್ತಾರೆ? ಇವರನ್ನ ಶುರು ಮಾಡಿದಾಗ ಯಾರು ಕೊಟ್ಟರು?" ಪ್ರಶ್ನೆ ಚೆನ್ನಾಗಿದೆ ಅಲ್ವಾ? ಅಲ್ಲಿಂದ ಶುರುವಾಗಿ ಬಂದ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ.

ಚಾರಿಟಿ ನಿಯಂತ್ರಣ ಅಂದರೆ ನಿಜವಾಗಿ ಏನು?

ಮೂರು ಕೆಲಸ. ಯಾವುದು ಚಾರಿಟಿ, ಯಾವುದು ಅಲ್ಲ ಅಂತ ಪಟ್ಟಿ ಮಾಡುವುದು. ಪಟ್ಟಿಯಲ್ಲಿರುವವರಿಂದ ವರ್ಷಕ್ಕೊಮ್ಮೆ ಲೆಕ್ಕ ತರಿಸಿಕೊಂಡು ಎಲ್ಲರಿಗೂ ಕಾಣುವಂತೆ ಇಡುವುದು. ಯಾರಾದರೂ ದಾನದ ದುಡ್ಡು ನುಂಗಿದರೆ ಹೋಗಿ ಹಿಡಿಯುವುದು. ಮೊದಲ ಎರಡಕ್ಕೆ ಗುಮಾಸ್ತರು ಮತ್ತು ಕಂಪ್ಯೂಟರ್ ಸಾಕು. ಮೂರನೆಯದಕ್ಕೆ ವಕೀಲರು, ಲೆಕ್ಕ ಬಲ್ಲ ತನಿಖೆಯವರು ಬೇಕು. ಜಾಸ್ತಿ ದುಡ್ಡು ತಿನ್ನುವುದು ಅದೇ, ದುಡ್ಡಿಲ್ಲದಾಗ ಮೊದಲು ಕೈಬಿಡುವುದೂ ಅದನ್ನೇ.

ಕಾನೂನು ಪಾಸಾದ ಮೇಲೆ ದುಡ್ಡು ತಾನಾಗೇ ಬರಲ್ವಾ?

ಬರಲ್ಲ. ಎಲ್ಲರೂ ಎಡವುವುದು ಇಲ್ಲೇ. ಕಾನೂನು "ಇಂಥ ಒಂದು ಸಂಸ್ಥೆ ಇರಬಹುದು" ಅಂತ ಅನುಮತಿ ಕೊಡುತ್ತದೆ. ದುಡ್ಡು ಕೊಡುವುದು ಬಜೆಟ್. ಎರಡೂ ಬೇರೆ ಬೇರೆ ಕ್ಯಾಲೆಂಡರಿನಲ್ಲಿ ಓಡುತ್ತವೆ. ಬಜೆಟ್ಟಿಗೆ ಇಲಾಖೆಗಳು ಅಂಕಿ ಕೊಟ್ಟು ಮುಗಿಸಿದ ಮೇಲೆ ಮಸೂದೆ ಬಂತು ಅಂತಿಟ್ಟುಕೊಳ್ಳಿ, ಹೊಸ ಸಂಸ್ಥೆಯ ಹೆಸರಿಗೆ ಆ ವರ್ಷ ಒಂದು ಪೈಸೆಯೂ ಇರುವುದಿಲ್ಲ. ಆದರೆ ಕಾನೂನು ಜಾರಿಗೆ ಬರುವ ದಿನ ಬಾಗಿಲು ತೆರೆದಿರಬೇಕು, ಫೋನ್ ಎತ್ತೋಕೆ ಯಾರಾದರೂ ಇರಬೇಕು, ಅದಕ್ಕೂ ಮೊದಲೇ ಜನರನ್ನು ನೇಮಿಸಿಕೊಳ್ಳಬೇಕು.

ನಮ್ಮ ಕಡೆಯ ವಿಧೇಯಕಗಳ ಕೊನೆಯಲ್ಲಿ ಆರ್ಥಿಕ ಜ್ಞಾಪನ ಪತ್ರ ಅಂತ ಒಂದು ಪ್ಯಾರಾ ಇರುತ್ತದೆ, ನೋಡಿದ್ದೀರಾ? ಎಷ್ಟೋ ಸಲ ಅದರಲ್ಲಿ ಇರುವುದು ಒಂದೇ ಸಾಲು: ಇದರಿಂದ ಹೆಚ್ಚುವರಿ ವೆಚ್ಚವಿಲ್ಲ ಅಂತ. ಹೊಸದಾಗಿ ಒಬ್ಬ ಅಧಿಕಾರಿ, ಒಂದು ರಿಜಿಸ್ಟರು, ಒಂದು ಕಚೇರಿ ಬೇಕು ಅನ್ನುವ ಕಾನೂನಿನ ಕೆಳಗೂ ಆ ಸಾಲು ಕಂಡರೆ ನಾನು ನಗುತ್ತೇನೆ.

ಹಾಗಾದರೆ ಆ ಮೊದಲ ದುಡ್ಡು ಬರುವ ಸಾದಿಲ್ವಾರು ನಿಧಿ ಅಂದರೇನು?

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ "ಸಾದಿಲ್ವಾರು" ಗೊತ್ತಿರುತ್ತದೆ. ಕಚೇರಿಯ ಪೆನ್ನು, ಪೊರಕೆ, ಕಾಫಿ ಬಿಲ್ಲು ಎಲ್ಲ ಹೋಗುವುದು ಸಾದಿಲ್ವಾರು ವೆಚ್ಚದಲ್ಲಿ. ಅದೇ ಮಾತು ದೊಡ್ಡ ಮಟ್ಟದಲ್ಲಿ ಸಾದಿಲ್ವಾರು ನಿಧಿ: ಬಜೆಟ್ಟಿನಲ್ಲಿ ಇಲ್ಲದ, ಕಾಯಲೂ ಆಗದ ಖರ್ಚಿಗೆ ಸರ್ಕಾರ ಕೈ ಹಾಕುವ ಡಬ್ಬ.

ಮನೆಯಲ್ಲಿ ಅಮ್ಮ ಸಾಸಿವೆ ಡಬ್ಬದಲ್ಲಿ ಇಟ್ಟ ದುಡ್ಡಿನ ಹಾಗೆ ಅಂತ ಹೇಳುವವರಿದ್ದಾರೆ. ಒಂದು ವ್ಯತ್ಯಾಸ ಇದೆ. ಅಮ್ಮನ ಡಬ್ಬದಿಂದ ತೆಗೆದದ್ದು ವಾಪಸ್ ಬರುವುದು ಅಪರೂಪ. ಇಲ್ಲಿ ತೆಗೆದದ್ದೆಲ್ಲ ಸಾಲ. ಆಮೇಲೆ ಸಂಸತ್ತಿನ ಮುಂದೆ ಪೂರಕ ಅಂದಾಜು (ಬಜೆಟ್ಟಿನ ಮೇಲಿನ ಹೆಚ್ಚುವರಿ ಖರ್ಚಿನ ಪಟ್ಟಿ) ಇಟ್ಟು, ಒಪ್ಪಿಗೆ ತಗೊಂಡು, ಡಬ್ಬಕ್ಕೆ ವಾಪಸ್ ಹಾಕಲೇಬೇಕು.

ಭಾರತದಲ್ಲಿ ಇದು ಸಂವಿಧಾನದ 267ನೇ ವಿಧಿ. ಕೇಂದ್ರದ ನಿಧಿ ರಾಷ್ಟ್ರಪತಿಯವರ ಅಧೀನದಲ್ಲಿ, ರಾಜ್ಯದ್ದು ರಾಜ್ಯಪಾಲರ ಅಧೀನದಲ್ಲಿ. ಕೇಂದ್ರದ್ದು 2005ರಿಂದ 500 ಕೋಟಿ ರೂಪಾಯಿ ಇತ್ತು. ಕೊರೊನಾ ಆದಮೇಲೆ, 2021ರಲ್ಲಿ, ಒಂದೇ ಏಟಿಗೆ 30,000 ಕೋಟಿ ಮಾಡಿದರು.

ಬ್ರಿಟನ್ನಿನಲ್ಲಿ ಹೇಗೆ?

ಅಲ್ಲಿ ಕಂಟಿಂಜೆನ್ಸೀಸ್ ಫಂಡ್ ಅಂತ ಇದೆ, ಖಜಾನೆ ಇಲಾಖೆ ನೋಡಿಕೊಳ್ಳುತ್ತದೆ. 1974ರ ಕಾನೂನಿನ ಪ್ರಕಾರ ಹಿಂದಿನ ವರ್ಷ ಸಂಸತ್ತು ಒಪ್ಪಿದ ಖರ್ಚಿನ ಶೇ 2ರಷ್ಟು ಮಾತ್ರ ಅದರ ಮಿತಿ. ಕೊರೊನಾ ಬಂದಾಗ 2020-21ಕ್ಕೆ ಶೇ 50ಕ್ಕೆ ಏರಿಸಿದರು, ಮರುವರ್ಷ ಶೇ 12.

ಹೊಸ ಸೇವೆಗೆ ಅದರಿಂದ ದುಡ್ಡು ಬೇಕಾದರೆ ನಿಯಮ ಬಿಗಿ. ಹೊಸ ಕಾನೂನಿಗೆ ಸಂಬಂಧಪಟ್ಟ ಖರ್ಚಾದರೆ ಆ ಮಸೂದೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಎರಡನೇ ಓದು, ಅಂದರೆ ಮಸೂದೆಯ ಮೂಲ ಉದ್ದೇಶಕ್ಕೆ ಸದನ ಒಪ್ಪುವ ಹಂತ, ದಾಟಿರಬೇಕು. ಖರ್ಚು ತುರ್ತಾಗಿರಬೇಕು, ಮತ್ತೆ ತುರ್ತು ಅನ್ನುವುದು ಮಂತ್ರಿಯ ಅನುಕೂಲಕ್ಕಲ್ಲ, ಜನರ ಹಿತಕ್ಕೆ. ಮಂತ್ರಿ ಸಂಸತ್ತಿಗೆ ಲಿಖಿತ ಹೇಳಿಕೆ ಕೊಡಬೇಕು: ಇಷ್ಟು ದುಡ್ಡು, ಇಂಥ ಕೆಲಸಕ್ಕೆ, ಇಂಥ ಅಂದಾಜಿನಲ್ಲಿ ಒಪ್ಪಿಗೆ ಕೇಳುತ್ತೇವೆ, ಅಲ್ಲಿಯವರೆಗೆ ಮುಂಗಡ. ಒಂದೇ ಪ್ಯಾರಾ ಇರುತ್ತದೆ, ಯಾರೂ ಓದುವುದಿಲ್ಲ. ಆದರೆ ಹೊಸ ಸಂಸ್ಥೆಯೊಂದರ ಮೊದಲ ಕುರ್ಚಿ ಬರುವುದು ಆ ಪ್ಯಾರಾದಿಂದ.

ಇನ್ನೊಂದು ಹಳೇ ಒಪ್ಪಂದವೂ ಇದೆ. 1932ರಲ್ಲಿ ಖಜಾನೆ ಇಲಾಖೆ ಮತ್ತು ಸಂಸತ್ತಿನ ಲೆಕ್ಕಪತ್ರ ಸಮಿತಿ ಮಾಡಿಕೊಂಡದ್ದು. ವರ್ಷ ವರ್ಷ ನಡೆಯುವ ಕೆಲಸಕ್ಕೆ ಬಜೆಟ್ ಒಪ್ಪಿಗೆ ಒಂದೇ ಸಾಲದು, ಅದಕ್ಕೇ ಅಂತ ಕಾನೂನು ಇರಬೇಕು ಅನ್ನುವುದು ಅದರ ಸಾರ. ಹಾಗಾಗಿ ದುಡ್ಡಿದ್ದರೂ ಕಾನೂನಿಲ್ಲದೆ ಸಂಸ್ಥೆ ನಡೆಸುವ ಹಾಗಿಲ್ಲ, ಕಾನೂನಿದ್ದರೂ ದುಡ್ಡಿಲ್ಲದೆ ಆಗಲ್ಲ.

ಮುಂಗಡ ತಗೊಂಡ ಮೇಲೆ ಮಸೂದೆ ಬಿದ್ದುಹೋದರೆ?

ಸಾಲ ಹಾಗೇ ಉಳಿಯುತ್ತದೆ. ಇಲಾಖೆ ತನ್ನ ಅಂದಾಜಿನಲ್ಲೇ ತೋರಿಸಿ ತೀರಿಸಬೇಕು, ಸಂಸತ್ತಿನ ಮುಂದೆ ಮುಖ ಕೆಂಪು ಮಾಡಿಕೊಂಡು. ಅದಕ್ಕೇ ಪಾಸಾಗುವುದು ಬಹುತೇಕ ಖಚಿತ ಅನ್ನುವ ತನಕ ಖಜಾನೆಯವರು ಕೈ ಬಿಚ್ಚುವುದಿಲ್ಲ.

ಶುರುವಿನಲ್ಲಿ ಅಷ್ಟೊಂದು ಖರ್ಚು ಎಲ್ಲಿ ಬರುತ್ತದೆ? ಒಂದು ಪಟ್ಟಿ ತಾನೆ?

ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಸಂಘದ 140 ಸದಸ್ಯರ ಪಟ್ಟಿ ಸರಿ ಮಾಡೋಕೆ ನನಗೆ ಒಂದು ಬೇಸಿಗೆ ಹಿಡಿಯಿತು. ಒಬ್ಬರ ಹೆಸರು ಮೂರು ಕಡೆ ಮೂರು ಥರ, ತೀರಿಕೊಂಡವರ ಹೆಸರು, ಅಮೆರಿಕಕ್ಕೆ ಹೋದವರ ಹೆಸರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ರಿಜಿಸ್ಟರಿನಲ್ಲಿ ಸುಮಾರು 1.7 ಲಕ್ಷ ಚಾರಿಟಿಗಳಿವೆ.

ಉತ್ತರ ಐರ್ಲೆಂಡಿನಲ್ಲಿ ಏನಾಯಿತು ಗೊತ್ತಾ? ಕಾನೂನು 2008ರಲ್ಲಿ ಬಂತು, ಕಮಿಷನ್ 2009ರಲ್ಲಿ ಹುಟ್ಟಿತು. ಆದರೆ ಕಾನೂನಿನಲ್ಲಿ "ಸಾರ್ವಜನಿಕ ಪ್ರಯೋಜನ" ಅನ್ನುವುದರ ಒಕ್ಕಣೆಯೇ ಎಡವಟ್ಟಾಗಿತ್ತು. ಅದನ್ನು ತಿದ್ದುವ ಹೊತ್ತಿಗೆ 2013. ಆ ವರ್ಷ ಡಿಸೆಂಬರಿನಲ್ಲಿ ನೋಂದಣಿ ಶುರು. ಅಷ್ಟು ಹೊತ್ತೂ ಕಚೇರಿ ಇತ್ತು, ಬಾಡಿಗೆ ಇತ್ತು, ಸಂಬಳ ಇತ್ತು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2019ರಲ್ಲಿ ಅಲ್ಲಿನ ಹೈಕೋರ್ಟು, ಕಮಿಷನರುಗಳು ತಗೊಳ್ಳಬೇಕಾದ ನಿರ್ಧಾರಗಳನ್ನು ಸಿಬ್ಬಂದಿ ತಗೊಂಡಿದ್ದು ಕಾನೂನುಬದ್ಧವಲ್ಲ ಅಂದಿತು. ಸಾವಿರಾರು ನೋಂದಣಿಗಳು ತೂಗುಯ್ಯಾಲೆಯಲ್ಲಿ! ಕೊನೆಗೆ 2022ರಲ್ಲಿ ಇನ್ನೊಂದು ಕಾನೂನು ತಂದು ಸರಿ ಮಾಡಿದರು. ಶುರುವಿನಲ್ಲಿ ಒಳ್ಳೆ ವಕೀಲರಿಗೆ ಕೊಡುವ ದುಡ್ಡು ದಂಡ ಅಲ್ಲ ಅಂತ ಯಾರಾದರೂ ವಾದ ಮಾಡಬೇಕಾದರೆ ಈ ಉದಾಹರಣೆ ಇಟ್ಟುಕೊಳ್ಳಿ.

ಜೆರ್ಸಿಯಂಥ ಪುಟ್ಟ ದ್ವೀಪದಲ್ಲೂ ಹಾಗೇ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ನಮ್ಮಲ್ಲಿ ಒಂದು ಸಾಧಾರಣ ತಾಲ್ಲೂಕಿಗಿಂತ ಕಡಿಮೆ. ಚಾರಿಟಿ ಕಾನೂನು 2014ರದ್ದು, ರಿಜಿಸ್ಟರ್ ತೆರೆದದ್ದು 2018ರಲ್ಲಿ.

ಮೊದಲ ದುಡ್ಡು ಸಿಗದೇ ಹೋದರೆ ನಿಜವಾಗಿ ಏನು ಹಾಳಾಗುತ್ತದೆ? ಒಂದಷ್ಟು ವರ್ಷ ತಡ, ಅಷ್ಟೇ ಅಲ್ವಾ?

ಐರ್ಲೆಂಡ್ ನೋಡಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಐರ್ಲೆಂಡ್ ಗಣರಾಜ್ಯದಲ್ಲಿ ಚಾರಿಟಿ ಕಾನೂನು 2009ರ ಫೆಬ್ರವರಿಯಲ್ಲಿ ಆಯಿತು. ಆದರೆ ಅದಕ್ಕೆ ಐದು ತಿಂಗಳು ಮುಂಚೆ ಅಲ್ಲಿನ ಬ್ಯಾಂಕುಗಳು ಕುಸಿದಿದ್ದವು. ಮುಂದಿನ ವರ್ಷ ದೇಶವೇ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈ ಚಾಚಿತು. ಆಸ್ಪತ್ರೆ, ಪಿಂಚಣಿ ಎಲ್ಲದಕ್ಕೂ ಕತ್ತರಿ ಬಿದ್ದ ಕಾಲ, ಆಗ ಹೊಸ ನಿಯಂತ್ರಕ ಸಂಸ್ಥೆಗೆ ದುಡ್ಡು ಕೇಳುವವರು ಯಾರು? ಕಾನೂನಿನ ಮುಖ್ಯ ಭಾಗಗಳು ಜಾರಿಯಾಗದೆ ಹಾಗೇ ಕೂತವು. ಕಾನೂನಿದೆ, ನಿಯಂತ್ರಕ ಇಲ್ಲ.

2013ರ ಕೊನೆಗೆ ಡಬ್ಲಿನ್ನಿನ ಸೆಂಟ್ರಲ್ ರೆಮಿಡಿಯಲ್ ಕ್ಲಿನಿಕ್ಕಿನ ಸುದ್ದಿ ಹೊರಬಂತು. ಅಂಗವಿಕಲ ಮಕ್ಕಳಿಗಾಗಿ ಕೆಲಸ ಮಾಡುವ, ಊರಿಗೆಲ್ಲ ಬೇಕಾದ ಸಂಸ್ಥೆ. ಜನ ಕೊಟ್ಟ ದಾನದ ದುಡ್ಡಿನಿಂದ ಹಿರಿಯ ಅಧಿಕಾರಿಗಳ ಸಂಬಳಕ್ಕೆ ಮೇಲುಭತ್ಯೆ ಹೋಗುತ್ತಿತ್ತು. ನಿವೃತ್ತ ಮುಖ್ಯಸ್ಥರಿಗೆ 7 ಲಕ್ಷ ಯೂರೋ ಮೀರಿದ ಇಡುಗಂಟು ಕೊಟ್ಟಿದ್ದರು, ಅದರಲ್ಲಿ ಬಹುಪಾಲು ಬಂದದ್ದು ದಾನಿಗಳ ದುಡ್ಡಿನಿಂದ ಅಂತ 2014ರ ಜನವರಿಯಲ್ಲಿ ಗೊತ್ತಾಯಿತು. ಜನ ಸಿಟ್ಟಾದರು. ಆ ಸಂಸ್ಥೆಗೆ ಮಾತ್ರ ಕೊಡುವುದು ನಿಲ್ಲಿಸಿದ್ದರೆ ಬೇರೆ ಮಾತು, ಯಾವ ತಪ್ಪೂ ಮಾಡದ ಬೇರೆ ಚಾರಿಟಿಗಳಿಗೂ ಕೊಡಲು ಹಿಂದೆ ಮುಂದೆ ನೋಡತೊಡಗಿದರು.

2014ರ ಅಕ್ಟೋಬರ್ 16ಕ್ಕೆ ಕೊನೆಗೂ ನಿಯಂತ್ರಕ ಸಂಸ್ಥೆ ಬಾಗಿಲು ತೆರೆಯಿತು. ಕಾನೂನಾಗಿ ಐದೂವರೆ ವರ್ಷ ಆಗಿತ್ತು. ಆಗಲೂ ಅದರ ಕೈಗೆ ಕೊಟ್ಟದ್ದು ಪಟ್ಟಿ ಮಾಡುವ ಕೆಲಸ, ತನಿಖೆ ಮಾಡುವ ಅಧಿಕಾರ ಅಲ್ಲ! ಅದು ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅದೂ ಯಾಕೆ ಬಂತು? ಆ ಬೇಸಿಗೆಯಲ್ಲಿ ಕನ್ಸೋಲ್ ಅನ್ನುವ ಇನ್ನೊಂದು ಚಾರಿಟಿಯ ಹಗರಣ ಟಿವಿಯಲ್ಲಿ ಬಂತು, ಅದಕ್ಕೆ. ಆತ್ಮಹತ್ಯೆಯಿಂದ ಮನೆಯವರನ್ನು ಕಳೆದುಕೊಂಡವರಿಗೆ ನೆರವಾಗಲು ಇದ್ದ ಚಾರಿಟಿ ಅದು.

ಹಾಗಾಗಿ "ಒಂದಷ್ಟು ವರ್ಷ ತಡ, ಅಷ್ಟೇ" ಅನ್ನುವವರಿಗೆ ನನ್ನ ಉತ್ತರ: ಉಳಿಸಿದ್ದು ಒಂದು ಸಣ್ಣ ಕಚೇರಿಯ ಖರ್ಚು. ಕಳಕೊಂಡದ್ದು ಡಬ್ಬ ಹಿಡಿದು ರಸ್ತೆಯಲ್ಲಿ ನಿಲ್ಲುವ ಎಲ್ಲರ ಮೇಲಿನ ನಂಬಿಕೆ.

ಪ್ರತಿ ವರ್ಷ ಸಾದಿಲ್ವಾರು ನಿಧಿಯಿಂದಲೇ ನಡೆಸಬಹುದಲ್ಲ?

ಆಗಲ್ಲ, ಅದು ಸೇತುವೆ ಮಾತ್ರ. ಎರಡನೇ ವರ್ಷದಿಂದ ಬಜೆಟ್ಟಿನಲ್ಲಿ ಒಂದು ಸಾಲು ಇರಬೇಕು. ಆ ಸಾಲನ್ನು ಕತ್ತರಿಸುವುದು ಬಹಳ ಸುಲಭ ಅನ್ನುವುದು ಇನ್ನೊಂದು ಕಷ್ಟ. ಚಾರಿಟಿ ಕಮಿಷನ್ನಿಗೆ ದುಡ್ಡು ಕಮ್ಮಿ ಆಯ್ತು ಅಂತ ಯಾರೂ ರಸ್ತೆಗಿಳಿಯುವುದಿಲ್ಲ.

ಇಂಗ್ಲೆಂಡಿನ ಚಾರಿಟಿ ಕಮಿಷನ್ 1853ರದ್ದು. ಅಷ್ಟು ಹಳೇ ಸಂಸ್ಥೆಗೂ 2010ರ ನಂತರ ಸರ್ಕಾರದ ಕತ್ತರಿ ಚೆನ್ನಾಗಿಯೇ ತಗುಲಿತು. ಅದೇ ಹೊತ್ತಿಗೆ ಕಪ್ ಟ್ರಸ್ಟ್ ಅನ್ನುವುದು ಸುದ್ದಿಗೆ ಬಂತು. ಎರಡು ವರ್ಷದಲ್ಲಿ ಲೆಕ್ಕದ ಪುಸ್ತಕದಲ್ಲಿ 17.6 ಕೋಟಿ ಪೌಂಡ್ ಆದಾಯ. ನಿಜವಾಗಿ ದಾನಕ್ಕೆ ಹೋದದ್ದು ಸುಮಾರು 55,000 ಪೌಂಡ್. ತೆರಿಗೆ ತಪ್ಪಿಸುವ ಯಂತ್ರ ಅದು. 4.6 ಕೋಟಿ ಪೌಂಡ್ ತೆರಿಗೆ ರಿಯಾಯಿತಿಯನ್ನೂ ಕೇಳಿತ್ತು, ಪುಣ್ಯಕ್ಕೆ ತೆರಿಗೆ ಇಲಾಖೆ ಕೊಡಲಿಲ್ಲ. ಇದನ್ನು ನೋಂದಾಯಿಸಿದ್ದು ಕಮಿಷನ್ನೇ. 2013ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರಿ ಖರ್ಚಿನ ಲೆಕ್ಕಪರಿಶೋಧಕರು ಕಮಿಷನ್ ತನ್ನ ಕೆಲಸ ಪರಿಣಾಮಕಾರಿಯಾಗಿ ಮಾಡುತ್ತಿಲ್ಲ ಅಂತ ನೇರವಾಗಿ ಬರೆದರು. ಮರುವರ್ಷ ಸರ್ಕಾರ 80 ಲಕ್ಷ ಪೌಂಡ್ ಹೆಚ್ಚುವರಿ ಕೊಟ್ಟಿತು. ಮೊದಲು ಕತ್ತರಿಸಿ, ಆಮೇಲೆ ಬೈದು, ಆಮೇಲೆ ಕೊಡುವುದು. ನಮ್ಮೂರಿನ ಹೈಸ್ಕೂಲ್ ಕಟ್ಟಡಕ್ಕೂ ಹೀಗೇ ಆಗಿತ್ತು ಬಿಡಿ.

ಚಾರಿಟಿಗಳೇ ಫೀಸು ಕೊಟ್ಟು ನಡೆಸಲಿ, ತೆರಿಗೆದಾರ ಯಾಕೆ ಕೊಡಬೇಕು?

ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಉಡುಪಿಗೆ ಬರುತ್ತೀರಿ. ತಮಾಷೆ ಅಲ್ಲ.

1951ರಲ್ಲಿ ಮದ್ರಾಸ್ ರಾಜ್ಯ ಹಿಂದೂ ಧಾರ್ಮಿಕ ದತ್ತಿ ಕಾನೂನು ಮಾಡಿತು. ಆಗ ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು. ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠಕ್ಕೆ ಪರ್ಯಾಯದ ಖರ್ಚಿನಿಂದ ಸಾಲವಾಗಿತ್ತು. ಪರ್ಯಾಯ ಅಂದಮೇಲೆ ಗೊತ್ತಲ್ಲ, ಎರಡು ವರ್ಷ ಬಂದವರಿಗೆಲ್ಲ ಊಟ ಹಾಕಬೇಕು. ದತ್ತಿ ಅಧಿಕಾರಿಗಳು ಮಠದ ಆಡಳಿತದಲ್ಲಿ ಕೈ ಹಾಕಿದರು. ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಆ ತೀರ್ಪನ್ನು ಎಲ್ಲರೂ ಓದುತ್ತಾರೆ. ದುಡ್ಡಿನ ಭಾಗವನ್ನು ಓದುವವರು ಕಮ್ಮಿ.

ಆ ಕಾನೂನಿನ 76ನೇ ಕಲಮಿನ ಪ್ರಕಾರ ಮಠ, ದೇವಸ್ಥಾನಗಳು ಸರ್ಕಾರದ ಮೇಲ್ವಿಚಾರಣೆಯ ಖರ್ಚಿಗೆ ತಮ್ಮ ಆದಾಯದಲ್ಲಿ ಶೇ 5ರವರೆಗೆ ಕೊಡಬೇಕಿತ್ತು. ಕೋರ್ಟ್ ಕೇಳಿದ್ದು ಸರಳ ಪ್ರಶ್ನೆ: ಈ ದುಡ್ಡು ಎಲ್ಲಿಗೆ ಹೋಗುತ್ತದೆ? ರಾಜ್ಯದ ಸಂಚಿತ ನಿಧಿಗೆ. ಅಂದರೆ ಎಲ್ಲ ತೆರಿಗೆ ಹೋಗುವ ಅದೇ ಹುಂಡಿಗೆ. ಕೊಟ್ಟದ್ದಕ್ಕೂ ಪಡೆದ ಸೇವೆಗೂ ಲೆಕ್ಕದ ಸಂಬಂಧ ಇಲ್ಲ. ಹಾಗಿದ್ದರೆ ಇದು ಫೀಸಲ್ಲ, ತೆರಿಗೆ, ಈ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಅಂತ ಹೊಡೆದುಹಾಕಿತು.

ಅದೇ ವರ್ಷ, ಅದೇ ಕೋರ್ಟು, ಬಾಂಬೆಯ ಸಾರ್ವಜನಿಕ ಟ್ರಸ್ಟ್ ಕಾನೂನಿನ ಇಂಥದೇ ವಸೂಲಿಯನ್ನು ಒಪ್ಪಿತು. ಯಾಕೆ? ಅಲ್ಲಿ ದುಡ್ಡು ಟ್ರಸ್ಟ್ ಆಡಳಿತಕ್ಕೆ ಅಂತಲೇ ಇದ್ದ ಬೇರೆ ನಿಧಿಗೆ ಹೋಗುತ್ತಿತ್ತು. ಡಬ್ಬ ಬೇರೆ ಇದ್ದರೆ ಫೀಸು, ಇಲ್ಲದಿದ್ದರೆ ತೆರಿಗೆ. ಆಹಾ, ಖಜಾಂಚಿಗಳಿಗೆ ಇದಕ್ಕಿಂತ ಒಳ್ಳೆ ಪಾಠ ಇನ್ನೊಂದಿಲ್ಲ! ನಮ್ಮ ಸಂಘದಲ್ಲಿ ಪ್ರವಾಹ ಪರಿಹಾರಕ್ಕೆ ಬಂದ ದುಡ್ಡನ್ನು ಬೇರೆ ಖಾತೆಯಲ್ಲಿ ಇಡಬೇಕು ಅಂತ ನಾನು ಹಟ ಹಿಡಿದಾಗ ಒಬ್ಬರು "ಎಲ್ಲ ನಮ್ದೇ ಅಲ್ವಾ" ಅಂದಿದ್ದರು. ಅವರಿಗೆ ಶೀರೂರು ಕಥೆ ಹೇಳಿದೆ.

ಆದರೆ ಫೀಸಿನಿಂದ ಶುರು ಮಾಡೋಕೆ ಆಗಲ್ಲ, ಅದು ನೆನಪಿರಲಿ. ಪಟ್ಟಿ ಇಲ್ಲದೆ ಫೀಸು ಯಾರಿಗೆ ಹಾಕುತ್ತೀರಿ? ಪಟ್ಟಿ ಮಾಡೋಕೇ ಮೊದಲು ದುಡ್ಡು ಬೇಕು. ಬ್ರಿಟನ್ನಿನಲ್ಲಿ 2016ರಲ್ಲಿ ದೇಣಿಗೆ ಸಂಗ್ರಹದ ಮೇಲೆ ಕಣ್ಣಿಡಲು ಫಂಡ್‌ರೈಸಿಂಗ್ ರೆಗ್ಯುಲೇಟರ್ ಬಂದಾಗ ಸರ್ಕಾರದ ಬದಲು ದೊಡ್ಡ ಚಾರಿಟಿಗಳೇ ಮೊದಲ ದುಡ್ಡು ಹಾಕಿದವು. ಆಮೇಲೆ ವರ್ಷಕ್ಕೆ 1 ಲಕ್ಷ ಪೌಂಡಿಗಿಂತ ಜಾಸ್ತಿ ದೇಣಿಗೆ ಸಂಗ್ರಹಕ್ಕೇ ಖರ್ಚು ಮಾಡುವವರ ಮೇಲೆ ಲೆವಿ ಹಾಕಿದರು. ದೊಡ್ಡವರು ಯಾರು ಅಂತ ಮೊದಲೇ ಗೊತ್ತಿತ್ತು, ಅದಕ್ಕೆ ಆಯಿತು.

ಇನ್ನೊಂದು ಅಪಾಯ: ಡಬ್ಬ ತುಂಬಿ ತುಳುಕುವುದು. ಮಹಾರಾಷ್ಟ್ರದಲ್ಲಿ ಟ್ರಸ್ಟುಗಳಿಂದ ಶೇ 2ರಂತೆ ವಸೂಲಾದ ದುಡ್ಡು ಖರ್ಚಾಗದೆ ಬೆಳೆಯುತ್ತಾ ಹೋಯಿತು. 2009ರಲ್ಲಿ ಬಾಂಬೆ ಹೈಕೋರ್ಟ್ ವಸೂಲಿಗೆ ತಡೆ ಹಾಕಿತು.

ಸರ್ಕಾರದ ದುಡ್ಡು ತಿಂದರೆ ಸರ್ಕಾರದ ಮಾತು ಕೇಳಬೇಕಾಗುತ್ತದಲ್ಲ?

ಕೇಳಬಾರದು ಅಂತಲೇ ಇಂಗ್ಲೆಂಡಿನ ಕಮಿಷನ್ನನ್ನು ಯಾವ ಮಂತ್ರಿಯ ಕೈಕೆಳಗೂ ಇಡದ ಇಲಾಖೆ ಮಾಡಿದ್ದಾರೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ವರ್ಷದ ಮೊತ್ತ ಬರೆಯುವ ಪೆನ್ನು ಖಜಾನೆಯವರ ಕೈಯಲ್ಲೇ ಇರುತ್ತದೆ. ಆಸ್ಟ್ರೇಲಿಯಾದಲ್ಲಿ 2012ರ ಡಿಸೆಂಬರಿನಲ್ಲಿ ಹುಟ್ಟಿದ ಚಾರಿಟಿ ಆಯೋಗವನ್ನು 2014ರಲ್ಲೇ ಮುಚ್ಚಲು ಮುಂದಿನ ಸರ್ಕಾರ ಮಸೂದೆ ತಂದಿತ್ತು. ಆಯೋಗ ಹೇಗೋ ಉಳಿಯಿತು. ನ್ಯೂಜಿಲೆಂಡಿನದು ಉಳಿಯಲಿಲ್ಲ, 2012ರಲ್ಲಿ ಅದನ್ನು ಒಂದು ಇಲಾಖೆಯೊಳಗೆ ಸೇರಿಸಿಬಿಟ್ಟರು.

ಕರ್ನಾಟಕದಲ್ಲಿ ಚಾರಿಟಿ ಕಮಿಷನರ್ ಇದ್ದಾರಾ?

ಮಹಾರಾಷ್ಟ್ರ, ಗುಜರಾತಿನಲ್ಲಿ ಇರುವಂಥವರು ಇಲ್ಲ. ದೇವಸ್ಥಾನಗಳಿಗೆ ಮುಜರಾಯಿ ಇದೆ. ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ಟ್ರಸ್ಟ್ ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ ಮುಗಿಯಿತು, ಆಮೇಲೆ ಯಾರಾದರೂ ತಿರುಗಿ ನೋಡುವುದಿದ್ದರೆ ಅದು ಆದಾಯ ತೆರಿಗೆಯವರು. ಹೊರದೇಶದ ದುಡ್ಡಾದರೆ ಗೃಹ ಸಚಿವಾಲಯ. ಎಲ್ಲರೂ ಒಂದೊಂದು ಕಾಲು ಹಿಡಿದಿದ್ದಾರೆ, ಇಡೀ ಆನೆ ಯಾರಿಗೂ ಕಾಣಲ್ಲ.

ಇಲ್ಲಿಂದ ನಮ್ಮೂರ ಶಾಲೆಗೆ ದುಡ್ಡು ಕಳಿಸುವ ಸಂಘದವರಿಗೆ ಒಂದು ಮಾತು. ಶಾಲೆ ನಡೆಸುವ ಟ್ರಸ್ಟಿಗೆ ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದಿದ್ದರೆ ಸುಮ್ನೆ ಕಳಿಸಬೇಡಿ. 2020ರ ತಿದ್ದುಪಡಿಯ ನಂತರ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹೆಡ್‌ಮಾಸ್ಟರ ಸ್ವಂತ ಖಾತೆಗೆ ಹಾಕಿ, ಆಮೇಲೆ ಅವರು ಕಷ್ಟಕ್ಕೆ ಸಿಕ್ಕಿಕೊಂಡರೆ ಪಾಪ ನಿಮಗೇ ತಟ್ಟುತ್ತದೆ.

ಬ್ರಿಟನ್ನಿನ ನಮ್ಮ ಪುಟ್ಟ ಸಂಘವೂ ನೋಂದಾಯಿಸಬೇಕಾ?

ಇಂಗ್ಲೆಂಡ್, ವೇಲ್ಸ್ ಆದರೆ ಸಾಮಾನ್ಯವಾಗಿ ವರ್ಷದ ಆದಾಯ 5,000 ಪೌಂಡ್ ದಾಟಿದರೆ. ಸ್ಕಾಟ್ಲೆಂಡಿನಲ್ಲಿ ಚಾರಿಟಿ ಅಂತ ಹೇಳಿಕೊಳ್ಳಬೇಕಾದರೆ ಆದಾಯ ಎಷ್ಟೇ ಇರಲಿ ನೋಂದಣಿ ಬೇಕು. ಎರಡು ದೀಪಾವಳಿ ಊಟಕ್ಕೇ 5,000 ದಾಟುತ್ತದೆ, ಹಾಗಾಗಿ ಕಾಯುತ್ತಾ ಕೂರಬೇಡಿ. ನೋಂದಣಿಗೆ ಫೀಸಿಲ್ಲ.

ಹೊಸ ನಿಯಂತ್ರಕ ಬಂದ ದೇಶದಲ್ಲಿ ನಮ್ಮಂಥ ಸಣ್ಣವರಿಗೆ ಮೊದಲು ಏನು ಬರುತ್ತದೆ?

ಒಂದು ಕಾಗದ. "ನಿಮ್ಮ ಸಂಘದ ನಿಯಮಾವಳಿ, ಟ್ರಸ್ಟಿಗಳ ಹೆಸರು, ಕಳೆದ ವರ್ಷದ ಲೆಕ್ಕ ಕಳಿಸಿ" ಅಂತ. ಉತ್ತರ ಐರ್ಲೆಂಡಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆಯದೆ ಕಂತು ಕಂತಾಗಿ ಕರೆದಿದ್ದರು. ನಿಯಮಾವಳಿಯ ಮೂಲಪ್ರತಿ ಯಾರ ಮನೆಯಲ್ಲಿದೆ ಅಂತ ಇವತ್ತೇ ಕೇಳಿ ಇಟ್ಟುಕೊಳ್ಳಿ. ನಮ್ಮದು ಹಳೇ ಅಧ್ಯಕ್ಷರ ಗ್ಯಾರೇಜಿನಲ್ಲಿ, ಇಡ್ಲಿ ಕುಕ್ಕರಿನ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು.